ರಾಷ್ಟ್ರಪತಿಗಳಿಗೆ ನಮ್ಮ ತಾಯಿ ಬರೆದ ಅರ್ಜಿ



ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ನಮ್ಮ ಶಾಲೆಯವರು ಕೇಳಿದಾಗ, ಬಾಲ್ಯದ ಆಟಪಾಟಗಳ ಸಂಗತಿಯನ್ನೇ ಬರೆಯೋಣವೆಂದು ಮೊದಲು ಎಣಿಸಿದ್ದೆನು. ಅಷ್ಟರಲ್ಲಿ, ಗಿರಿನಗರದ ನಮ್ಮ ಮನೆಗೆ ಸೀತಾ ಸರ್ಕಲ್ಲಿನ ಕಡೆಯಿಂದ ದಿನವೂ ಹೂ ತಂದುಕೊಡುವ ಹೆಂಗಸು ಒಂದು ಬೆಳಗ್ಗೆ ಕಣ್ಣೀರಿಡುತ್ತ ಬಂದಳು. ಆಕೆಗೆ ಸಲ್ಲುತ್ತಿದ್ದ ವಿಧವಾ ವೇತನವು ನಾಲ್ಕು ತಿಂಗಳಿನಿಂದ ನಿಂತುಹೋಗಿದ್ದಿತು. "ಅಮ್ಮಾ, ದೊಡ್ಡೋರಿಗೆ ಒಂದು ಅರ್ಜಿ ಬರ್ಕೊಡಿ. ಕಾಲಿಗೆ ಬೀಳ್ತೀನಿ ಅಂತ ಬರೀರಿ" ಎಂದಳು. ಆ ಮಾತನ್ನು ಕೇಳಿದೊಡನೆ, ಅರುವತ್ತು ವರ್ಷಗಳಿಗೂ ಹಿಂದಿನ ಒಂದು ರಾತ್ರಿಯು ನನ್ನ ಕಣ್ಣ ಮುಂದೆ ಬಂದು ನಿಂತಿತು. ಆದಕಾರಣ ಆಟಪಾಟಗಳನ್ನು ಬಿಟ್ಟು, ಆ ರಾತ್ರಿಯ ಸಂಗತಿಯನ್ನೇ ಬರೆಯುತ್ತಿರುವೆನು.

ನಮ್ಮ ತಂದೆಯವರು 1957ರಲ್ಲಿ ತೀರಿಕೊಂಡರು. ಅವರು ಒಂದು ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಆಗ ನಾವು ಚಾಮರಾಜಪೇಟೆಯ ಒಂದು ವಠಾರದಲ್ಲಿ ವಾಸವಾಗಿದ್ದೆವು. ತಂದೆಯವರ ಲೆಕ್ಕದಲ್ಲಿ ನಮಗೆ ಬರಬೇಕಾಗಿದ್ದ ಹಣವು ಬರಲಿಲ್ಲ. ಕಚೇರಿಯ ರಿಜಿಸ್ಟರಿನಲ್ಲಿ ತಾಯಿಯ ಹೆಸರು ಒಂದು ವಿಧವಾಗಿಯೂ, ಬೇರೆ ಕಾಗದಗಳಲ್ಲಿ ಇನ್ನೊಂದು ವಿಧವಾಗಿಯೂ ಇದ್ದುದೇ ಇದಕ್ಕೆ ಕಾರಣವೆಂದು ಹೇಳಿದರು. ವರ್ಷವೊಂದು ಕಳೆಯಿತು. ನನಗೆ ಆಗ 11 ವಯಸ್ಸು, ತಂಗಿಗೆ 8. ನಮ್ಮಿಬ್ಬರನ್ನೂ ಶಾಲೆಯಿಂದ ಬಿಡಿಸಿ ಊರಿಗೆ ಕಳುಹಿಸುವುದೆಂದು ಹಿರಿಯರಲ್ಲಿ ಮಾತು ನಡೆದಿತ್ತು.

ಕಡೆಗೆ ತಾಯಿಯವರು ಕಚೇರಿಯ ಮುಂದೆ ಕುಳಿತು ಅರ್ಜಿ ಬರೆಯುವವರೊಬ್ಬರ ಬಳಿಗೆ ಹೋದರು. ಆತನು ದುಡ್ಡು ಪಡೆದು, ಒಂದು ಪುಟದ ತುಂಬ ಬರೆದುಕೊಟ್ಟನು. ಮನೆಗೆ ಬಂದು ಓದಿ ನೋಡಿದರೆ, ಮುಕ್ಕಾಲು ಪುಟವು ಪಾದಾರವಿಂದಗಳಿಗೂ ದಯಾಸಾಗರರಿಗೂ ಮುಡಿಪಾಗಿದ್ದಿತು. ತಂದೆಯವರು ತೀರಿಕೊಂಡ ತಾರೀಖೇ ಅದರಲ್ಲಿರಲಿಲ್ಲ. ತಾಯಿಯವರು ಅದನ್ನು ಮಡಿಸಿಟ್ಟು, "ಇದನ್ನು ನಾನೇ ಬರೆಯುತ್ತೇನೆ. ರಾಷ್ಟ್ರಪತಿಗಳಿಗೇ ಬರೆಯುತ್ತೇನೆ" ಎಂದರು.

ಆ ಅರ್ಜಿಬರಹಗಾರನನ್ನು ನಾನು ಹಳಿಯಲಾರೆನು. ನಮ್ಮ ಸೀಮೆಯವರು ತಲೆತಲಾಂತರದಿಂದ ಮಹಾರಾಜರಿಗೆ ಬಿನ್ನಹ ಮಾಡಿಕೊಂಡು ಬಂದವರು. 1881ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ 144 ಸದಸ್ಯರ ಪ್ರಜಾಪ್ರತಿನಿಧಿ ಸಭೆಯು ಮೈಸೂರಿನಲ್ಲಿ ಸೇರಿದಾಗಲೂ, ಊರೂರಿನ ಕುಂದುಕೊರತೆಗಳನ್ನು ಅರಿಕೆ ಮಾಡಿಕೊಳ್ಳುವುದೇ ಅದರ ಮುಖ್ಯ ಕಾರ್ಯವಾಗಿತ್ತು. ಆಜ್ಞಾಪಿಸುವ ಅಧಿಕಾರ ಅದಕ್ಕಿರಲಿಲ್ಲ. 1950ನೆಯ ಇಸವಿ ಜನವರಿ 26ರಂದು ಭಾರತವು ಗಣರಾಜ್ಯವಾಯಿತು. ಅಂದೇ ಬಾಬು ರಾಜೇಂದ್ರ ಪ್ರಸಾದರು ರಾಷ್ಟ್ರಪತಿಗಳಾದರು. ಶ್ರೀ ಜಯಚಾಮರಾಜೇಂದ್ರ ಒಡೆಯರವರು ನಮ್ಮ ಸಂಸ್ಥಾನದ ರಾಜಪ್ರಮುಖರೆನಿಸಿದರು. ಪದವಿಗಳು ಒಂದು ದಿನದಲ್ಲಿ ಬದಲಾದವು. ಅರ್ಜಿಯ ಭಾಷೆಯು ಮಾತ್ರ ಅಷ್ಟು ಬೇಗ ಬದಲಾಗಲಿಲ್ಲ. ಅರಸನ ಅಧೀನದಲ್ಲಿರುವವನಿಗೂ, ಅರಸನಿಲ್ಲದ ರಾಜ್ಯದ ಒಡೆತನದಲ್ಲಿ ಪಾಲುಳ್ಳವನಿಗೂ ನಮ್ಮ ನುಡಿಯಲ್ಲಿ 'ಪ್ರಜೆ' ಎಂಬ ಒಂದೇ ಮಾತಿರುವುದರಿಂದ, ಈ ವ್ಯತ್ಯಾಸವು ಮನಸ್ಸಿಗೆ ಹತ್ತುವುದು ತಡವಾಯಿತೋ ಏನೋ!

ಆ ರಾತ್ರಿ ನಮ್ಮ ಸೋದರಮಾವನವರು ಮನೆಯಲ್ಲಿದ್ದರು. "ದಿಲ್ಲಿಗೆ ಕನ್ನಡದಲ್ಲಿ ಬರೆದರೆ ಓದುವವರು ಯಾರಮ್ಮ? ಇಂಗ್ಲಿಷಿನಲ್ಲಿ ಬರೆಸೋಣ" ಎಂದರು. ಅದಕ್ಕೆ ತಾಯಿಯವರು, "ಅಣ್ಣಯ್ಯ, ಏಕೀಕರಣದ ಮನವಿಗೆ ನೀವು ಯಾವ ಅಕ್ಷರದಲ್ಲಿ ರುಜು ಹಾಕಿದಿರಿ?" ಎಂದು ಕೇಳಿದರು. ಮಾವನವರು ನಕ್ಕು ಸುಮ್ಮನಾದರು.

ಆ ಮನವಿಯ ಕಥೆಯನ್ನು ಇಲ್ಲಿ ಎರಡು ಮಾತಿನಲ್ಲಿ ಹೇಳಬೇಕು. 1953ರ ಡಿಸೆಂಬರಿನಲ್ಲಿ ಭಾರತ ಸರ್ಕಾರವು ಫಜಲ್ ಅಲಿಯವರ ಅಧ್ಯಕ್ಷತೆಯಲ್ಲಿ ರಾಜ್ಯ ಪುನರ್ವಿಂಗಡಣಾ ಆಯೋಗವನ್ನು ನೇಮಿಸಿತು. ಹಂಚಿಹೋಗಿದ್ದ ಕನ್ನಡಿಗರು ಒಂದಾಗಬೇಕೆಂದು ಬರೆದವರು ಅನೇಕರು. ದೇಶದ ನಾನಾ ಭಾಗಗಳಿಂದ ಆಯೋಗಕ್ಕೆ ಬಂದ ಕಾಗದಪತ್ರಗಳು ಒಟ್ಟು 1,52,250. ಅವುಗಳಲ್ಲಿ ಬರಿಯ ತಂತಿಗಳೂ ಸೇರಿದ್ದವು. ಚೆನ್ನಾಗಿ ಆಲೋಚಿಸಿ ಬರೆದವು ಸುಮಾರು 2,000ಕ್ಕೆ ಮೀರಲಿಲ್ಲವೆಂದು ಆಯೋಗದವರೇ 1955ರ ತಮ್ಮ ವರದಿಯಲ್ಲಿ ಹೇಳಿರುವರು. 1956ರ ನವೆಂಬರ್ 1ರಂದು ವಿಶಾಲ ಮೈಸೂರು ರಾಜ್ಯವು ಉದಯಿಸಿತು. ಆದರೆ ಕಾಸರಗೋಡು ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯ ಉತ್ತರದ ಕನ್ನಡಿಗರ ಪರವಾಗಿ 1967ರಲ್ಲಿ ಮಹಾಜನ ಆಯೋಗವು ಶಿಫಾರಸು ಮಾಡಿದರೂ ಅದು ಜಾರಿಗೆ ಬರಲಿಲ್ಲ. ನ್ಯಾಯವಾದ ಮನವಿಯೆಲ್ಲವೂ ಫಲಿಸುವುದೆಂದು ನಾನು ಹೇಳಲಾರೆನು.

ಇನ್ನು ಭಾಷೆಯ ಮಾತು. ಮರುದಿನ ವಠಾರದ ವಕೀಲರೊಬ್ಬರು ರಾಜ್ಯಾಂಗದ ಪುಸ್ತಕವನ್ನು ತಂದು 350ನೆಯ ಅನುಚ್ಛೇದವನ್ನು ತಾಯಿಯವರಿಗೆ ಓದಿಹೇಳಿದರು. ಕುಂದುಕೊರತೆಯ ನಿವಾರಣೆಗಾಗಿ, ಒಕ್ಕೂಟದಲ್ಲಾಗಲಿ ರಾಜ್ಯದಲ್ಲಾಗಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಿಯಾದರೂ ಅದರದರ ಅಧಿಕಾರಿಗಳಿಗೆ ಮನವಿ ಸಲ್ಲಿಸುವ ಹಕ್ಕು ಪ್ರತಿಯೊಬ್ಬರಿಗೂ ಉಂಟೆಂಬುದೇ ಅದರ ತಾತ್ಪರ್ಯ. ತಾಯಿಯವರು, "ಹಾಗಾದರೆ ನಾನು ಬರೆದದ್ದು ಸರಿ" ಎಂದಷ್ಟೇ ಹೇಳಿದರು. ಏಕೆಂದರೆ ಅವರು ಹಿಂದಿನ ರಾತ್ರಿಯೇ ಲಾಂದ್ರದ ಬೆಳಕಿನಲ್ಲಿ ಅದನ್ನು ಕನ್ನಡದಲ್ಲಿ ಬರೆದು ಮುಗಿಸಿದ್ದರು.

ಅವರೂ ನಮ್ಮ ಶಾಲೆಯಲ್ಲಿಯೇ ಓದಿದವರು. ಪತ್ರಲೇಖನದ ಪಾಠದಲ್ಲಿ ಅವರ ಉಪಾಧ್ಯಾಯಿನಿಯವರು ಮೂರು ಪ್ರಶ್ನೆಗಳನ್ನು ಕಲಿಸಿದ್ದರಂತೆ: ನಡೆದುದೇನು? ಎಂದು ನಡೆಯಿತು? ನಿನಗೆ ಬೇಕಾದುದೇನು? ಆ ಕ್ರಮದಲ್ಲಿಯೇ ಅರ್ಜಿಯು ಇದ್ದಿತು. ಅದರ ನಕಲನ್ನು ನನ್ನ ಕೈಯಿಂದಲೇ ಮಾಡಿಸಿದರು. ಅದು ಈಗಲೂ ನನ್ನ ತಗಡಿನ ಪೆಟ್ಟಿಗೆಯಲ್ಲಿದೆ. 'ಮಾನ್ಯ ರಾಷ್ಟ್ರಪತಿಗಳವರಿಗೆ' ಎಂದು ಮೊದಲಾಗುವುದು. ಪಾದಗಳ ಪ್ರಸ್ತಾಪವಿಲ್ಲ. ದೇಶದೊಳಗಿನ ಸಮಾರಂಭಗಳಲ್ಲಿ ಆ ಸ್ಥಾನಕ್ಕೆ ಸಲ್ಲುತ್ತಿದ್ದ 'ಹಿಸ್ ಎಕ್ಸಲೆನ್ಸಿ' ಎಂಬ ಸಂಬೋಧನೆಯನ್ನು 2012ರಲ್ಲಿ ಪ್ರಣವ ಮುಖರ್ಜಿಯವರು ಕೈಬಿಡಿಸಿದರೆಂದು ಓದಿದಾಗ, 54 ವರ್ಷಗಳ ಮೊದಲೇ ಅದನ್ನು ಬಿಟ್ಟಿದ್ದ ನಮ್ಮ ತಾಯಿಯನ್ನು ನೆನೆದು ನಕ್ಕೆನು.

ಎರಡು ತಿಂಗಳಾಯಿತು, ಉತ್ತರವಿಲ್ಲ. ಮಾವನವರು ಏನೂ ಹೇಳಲಿಲ್ಲ. ಅದೇ ಹೆಚ್ಚು ನೋವಾಗಿತ್ತು. ತಾಯಿಯವರು ಎರಡನೆಯ ಸಲ ಬರೆದರು. ಅನ್ಯಾಯಗಾರನಾದ ನ್ಯಾಯಾಧಿಪತಿಯ ಬಳಿಗೆ ಬಿಡದೆ ಹೋಗುತ್ತಿದ್ದ ವಿಧವೆಯ ಸಾಮ್ಯವನ್ನು ಅವರು ಶಾಲೆಯಲ್ಲಿ ಕೇಳಿದ್ದರು. ಮೂರನೆಯ ತಿಂಗಳಿನಲ್ಲಿ ಒಂದು ಲಕೋಟೆಯು ಬಂದಿತು. ತಮ್ಮ ಮನವಿಯನ್ನು ರಾಜ್ಯ ಸರ್ಕಾರಕ್ಕೆ ಕಳುಹಿಸಿಕೊಡಲಾಗಿದೆ ಎಂಬ ಎರಡು ಸಾಲು ಮಾತ್ರ ಅದರಲ್ಲಿದ್ದಿತು. ಅದನ್ನು ಹಿಡಿದು ಅವರು ಮತ್ತೆ ಕಚೇರಿಗೆ ಹೋದರು. ಈ ಸಲ ಕುಳಿತುಕೊಳ್ಳಲು ಕುರ್ಚಿ ಕೊಟ್ಟರಂತೆ. ಹಣವು ಕೈಗೆ ಬರಲು ಇನ್ನೂ ಐದು ತಿಂಗಳು ಹಿಡಿಯಿತು. ಅದು ದಿಲ್ಲಿಯ ಕಾಗದದಿಂದ ಬಂದಿತೋ, ತಾನಾಗಿಯೇ ಬಂದಿತೋ, ಅವರು ಎಂದೂ ಹೇಳಲಿಲ್ಲ. ನಾವಿಬ್ಬರೂ ಶಾಲೆಯಲ್ಲಿಯೇ ಉಳಿದೆವು.

ಆ ಬಳಿಕ ಅವರು ದಿಲ್ಲಿಗೆ ಇನ್ನೊಂದು ಕಾಗದವನ್ನು ಬರೆದರು. ಬರಬೇಕಾದುದು ಬಂದಿದ್ದಕ್ಕೆ ಕೃತಜ್ಞತೆ ಏತಕ್ಕೆಂದು ಮಾವನವರು ಕೇಳಿದರು. "ಹಣಕ್ಕಲ್ಲ, ಅಣ್ಣಯ್ಯ. ಅಲ್ಲಿ ಯಾರೋ ನನ್ನ ಕನ್ನಡ ಕಾಗದವನ್ನು ಬಿಡಿಸಿ, ಓದಿಸಿ ತಿಳಿದುಕೊಂಡರಲ್ಲ, ಅವರಿಗೆ" ಎಂದರು.

2009ರಿಂದ ರಾಷ್ಟ್ರಪತಿ ಭವನಕ್ಕೆ ಅಂತರ್ಜಾಲದ ಮೂಲಕವೂ ಮನವಿ ಕಳುಹಿಸಬಹುದಾಗಿದೆ. 2022ರಲ್ಲಿ ಆ ಪೀಠವನ್ನೇರಿದ ಶ್ರೀಮತಿ ದ್ರೌಪದಿ ಮುರ್ಮು ಅವರು ಹಿಂದೆ ಶಾಲಾ ಉಪಾಧ್ಯಾಯಿನಿಯಾಗಿದ್ದವರು. ಆದರೆ ಹೂವಿನವಳ ಅರ್ಜಿಯು ಅಷ್ಟು ದೂರ ಹೋಗಬೇಕಾಗಿಲ್ಲ. ಮೊದಲು ಸಂಬಂಧಪಟ್ಟ ಕಚೇರಿಗೇ ಬರೆದೆವು. ಅವಳು ಹೇಳುತ್ತ ಹೋದಳು, ನಾನು ಬರೆಯುತ್ತ ಹೋದೆನು. ನಡೆದುದೇನು, ಎಂದು ನಡೆಯಿತು, ಬೇಕಾದುದೇನು. ಕಾಲಿಗೆ ಬೀಳುವ ಮಾತನ್ನು ಬರೆಯಲಿಲ್ಲವೆಂದು ಅವಳಿಗೆ ಸ್ವಲ್ಪ ಅಸಮಾಧಾನವೇ ಆಯಿತು. ಆದರೂ ಕೆಳಗೆ ತನ್ನ ಹೆಸರನ್ನು ಒಂದೊಂದೇ ಅಕ್ಷರವಾಗಿ ತಾನೇ ಬರೆದಳು.

ಉತ್ತರವು ಇನ್ನೂ ಬಂದಿಲ್ಲ. ನಕಲು ಅವಳ ಬಳಿ ಭದ್ರವಾಗಿದೆ. ಬಾರದಿದ್ದರೆ ಮುಂದಿನ ತಿಂಗಳು ಮತ್ತೊಂದನ್ನು ಬರೆಯುವೆವು.