ತಿಳಿನೀರಿನ ಮೇಲೊಂದು ಗೆರೆ

ನದಿಯೆಂದರೆ ನಮಗೆ ನೇತ್ರಾವತಿ. ಮಳೆಗಾಲದಲ್ಲಿ ಕೆಂಪಾಗಿ ಉಕ್ಕುವ, ಬೇಸಿಗೆಯಲ್ಲಿ ಮರಳ ನಡುವೆ ಸೊರಗುವ ನದಿಯನ್ನು ನೋಡುತ್ತಾ ಬೆಳೆದವರು ನಾವು. ಆದ್ದರಿಂದ ಫ್ಲೋರಿಡಾದಲ್ಲಿ ಕೆಲಸದಲ್ಲಿರುವ ತಂಗಿಯ ಮಗ, "ಮಾಮಾ, ಇಲ್ಲೊಂದು ನದಿ ಇದೆ. ತಳಕ್ಕೆ ನಾಣ್ಯ ಬಿದ್ದರೂ ಕಾಣುತ್ತದೆ" ಎಂದಾಗ ನಾವು ಅಷ್ಟಾಗಿ ನಂಬಲಿಲ್ಲ.

ಜನವರಿಯ ಒಂದು ಮುಂಜಾನೆ ಅವನು ನಮ್ಮನ್ನು ಒಕಾಲಾ ನಗರದ ಪಕ್ಕದ ಸಿಲ್ವರ್ ಸ್ಪ್ರಿಂಗ್ಸ್‌ಗೆ ಕರೆದೊಯ್ದ. ಸಿಲ್ವರ್ ನದಿ ಬೆಟ್ಟದಿಂದ ಇಳಿದು ಬರುವುದಲ್ಲ. ಮಳೆನೀರು ಮರಳಿನಲ್ಲಿ ಇಂಗಿ, ಸುಣ್ಣಕಲ್ಲಿನ ಪದರಗಳಲ್ಲಿ ತುಂಬಿಕೊಂಡು, ನೆಲದ ಬಾಯಿಗಳಿಂದ ಚಿಮ್ಮಿ ನದಿಯಾಗುತ್ತದೆ. ಸುಮಾರು 8 ಕಿಲೋಮೀಟರ್ ಹರಿದು ಒಕ್ಲವಾಹಾ ನದಿಯನ್ನು ಸೇರುತ್ತದೆ. ವರ್ಷವಿಡೀ ನೀರಿನ ಉಷ್ಣತೆ 22 ಡಿಗ್ರಿಯ ಆಸುಪಾಸು. ಅಂದು ಗಾಳಿ ಅದಕ್ಕಿಂತ ತಣ್ಣಗಿದ್ದುದರಿಂದ ನದಿಯ ಮೈಮೇಲೆ ಹಬೆಯಾಡುತ್ತಿತ್ತು.

ಇಬ್ಬರು ಕುಳಿತುಕೊಳ್ಳುವ ಕಯಾಕ್‌ನಲ್ಲಿ ನಾವಿಬ್ಬರು, ಇನ್ನೊಂದರಲ್ಲಿ ಅವನು. ಮೊದಲ ಹತ್ತು ನಿಮಿಷ ನಮ್ಮ ಹುಟ್ಟುಗಳು ಒಂದಕ್ಕೊಂದು ಬಡಿದು ದೋಣಿ ಬಲಕ್ಕೇ ತಿರುಗುತ್ತಿತ್ತು. "ಮಾಮಿ, ನೀವು ಎಡಕ್ಕೆ ಹಾಕಿದಾಗ ಮಾಮನೂ ಎಡಕ್ಕೇ ಹಾಕಬೇಕು" ಎಂದು ಅವನು ನಗುತ್ತಾ ಹೇಳಿಕೊಟ್ಟ. ಮೂವತ್ತು ವರ್ಷ ಸಂಸಾರ ಮಾಡಿದವರಿಗೂ ಒಂದೇ ದೋಣಿ ನಡೆಸುವುದು ಸುಲಭವಲ್ಲವೆಂದು ತಿಳಿಯಿತು.

ದೋಣಿ ಹದಕ್ಕೆ ಬಂದ ಮೇಲೆ ಕೆಳಗೆ ನೋಡಿದೆವು. ನೀರೇ ಇಲ್ಲವೇನೋ ಎಂಬಂತೆ ನದಿಯ ತಳ ಕಾಣುತ್ತಿತ್ತು. ಉದ್ದನೆಯ ಹುಲ್ಲು ಒಂದೇ ದಿಕ್ಕಿಗೆ ಬಾಗಿತ್ತು. ಅದರ ನಡುವೆ ಮೀನುಗಳು ಗುಂಪಾಗಿ ಸಾಗುತ್ತಿದ್ದವು. ಬಿದ್ದ ಮರದ ಮೇಲೆ ಆಮೆಗಳು ಸಾಲಾಗಿ ಬಿಸಿಲು ಕಾಯುತ್ತಿದ್ದವು. ನಮ್ಮ ಹಾವಕ್ಕಿಯ ಹತ್ತಿರದ ಬಂಧುವಾದ ಹಕ್ಕಿಯೊಂದು ಒದ್ದೆ ರೆಕ್ಕೆ ಹರಡಿ ಕುಳಿತಿತ್ತು. ದಡದ ಕೆಸರಿನಲ್ಲಿ ಮಲಗಿದ್ದ ಆಲಿಗೇಟರ್ ಮೊಸಳೆಯನ್ನು ಕಂಡೊಡನೆ ನಮ್ಮ ಮಾತು ನಿಂತಿತು. ಅದು ಕಣ್ಣು ಸಹ ತೆರೆಯಲಿಲ್ಲ.

ಸ್ವಲ್ಪ ಮುಂದೆ ದೋಣಿಯ ಕೆಳಗಿಂದಲೇ ಬೂದುಬಣ್ಣದ ಬಂಡೆಯೊಂದು ಸರಿದು ಹೋಯಿತು. ಅದು ಮ್ಯಾನಟಿ, ಸಸ್ಯ ತಿಂದು ಬದುಕುವ, ಎಮ್ಮೆಗಿಂತ ದೊಡ್ಡ ಸಾಧುಪ್ರಾಣಿ. ಚಳಿಗಾಲದಲ್ಲಿ ಬೆಚ್ಚನೆಯ ಚಿಲುಮೆಯ ನೀರು ಇಲ್ಲದಿದ್ದರೆ ಅದು ಬದುಕದು. ಆದರೆ 1968ರಲ್ಲಿ ಒಕ್ಲವಾಹಾಕ್ಕೆ ಅಡ್ಡಲಾಗಿ ಕಟ್ಟಿದ ಅಣೆಕಟ್ಟು ಅದರ ದಾರಿಗೂ ಅಡ್ಡವಾಗಿದೆ. ಹೇಗೋ ದಾಟಿ ಬಂದ ಆ ಒಂದು ಜೀವವನ್ನು ನಾವು ಉಸಿರು ಬಿಗಿಹಿಡಿದು ನೋಡಿದೆವು.

ಮರದ ಮೇಲೆ ಕೋತಿಗಳನ್ನು ಕಂಡಾಗಲಂತೂ ಊರಿಗೇ ಬಂದಂತಾಯಿತು. ಉತ್ತರ ಭಾರತದಲ್ಲಿ ಕಾಣುವ ಕೆಂಪು ಮೋರೆಯ ರೀಸಸ್ ಕೋತಿಗಳವು. 1930ರ ದಶಕದಲ್ಲಿ ಪ್ರವಾಸಿ ದೋಣಿ ನಡೆಸುತ್ತಿದ್ದವನೊಬ್ಬ ಜನರನ್ನು ಆಕರ್ಷಿಸಲು ಅವನ್ನು ನದಿಯ ನಡುಗಡ್ಡೆಯಲ್ಲಿ ಬಿಟ್ಟ. ಅವಕ್ಕೆ ಈಜು ಬರುತ್ತದೆಂಬುದು ಅವನಿಗೆ ಗೊತ್ತಿರಲಿಲ್ಲ. ಅವು ನೀರು ದಾಟಿ ಕಾಡು ಸೇರಿ ಬೆಳೆದವು.

ಒಂದೂವರೆ ಕಿಲೋಮೀಟರ್‌ನಷ್ಟು ಸಾಗಿದಾಗ ಹುಡುಗ ಹುಟ್ಟು ನಿಲ್ಲಿಸಿ ದಡದ ಕಾಡನ್ನು ತೋರಿಸಿದ. "ಇಲ್ಲೇ ಎಲ್ಲೋ ಪ್ಯಾರಡೈಸ್ ಪಾರ್ಕ್ ಇತ್ತು, ಮಾಮಾ. ಕರಿಯರಿಗಾಗಿ ಮಾಡಿದ್ದು" ಎಂದ. ಅಲ್ಲಿ ಮರ, ಬಳ್ಳಿ ಬಿಟ್ಟರೆ ನಮಗೇನೂ ಕಾಣಲಿಲ್ಲ.

ಅವನು ಹೇಳಿದ ಕತೆ ನಮ್ಮನ್ನು ಮೌನವಾಗಿಸಿತು. ಗಾಜಿನ ತಳದ ದೋಣಿಗಳು ಸಿಲ್ವರ್ ಸ್ಪ್ರಿಂಗ್ಸ್‌ನಲ್ಲಿ 1870ರ ದಶಕದಿಂದಲೂ ಪ್ರಸಿದ್ಧ. ಅವನ್ನು ನಡೆಸುತ್ತಾ ನದಿಯ ಒಂದೊಂದು ಚಿಲುಮೆಯ ಗುಟ್ಟನ್ನು ಪ್ರವಾಸಿಗಳಿಗೆ ವಿವರಿಸುತ್ತಿದ್ದವರಲ್ಲಿ ಅನೇಕರು ಕಪ್ಪು ಜನಾಂಗದವರು. ತಂದೆಯಿಂದ ಮಗನಿಗೆ ಬಂದ ವಿದ್ಯೆ ಅದು. ಆದರೆ ಅದೇ ಉದ್ಯಾನದಲ್ಲಿ ತಮ್ಮ ಹೆಂಡತಿ ಮಕ್ಕಳೊಡನೆ ಸಂದರ್ಶಕರಾಗಿ ಕಾಲಿಡುವ ಹಕ್ಕು ಅವರಿಗಿರಲಿಲ್ಲ. 1949ರಲ್ಲಿ ಮಾಲೀಕರು ನದಿಯ ಕೆಳಭಾಗದಲ್ಲಿ ಅವರಿಗೆಂದೇ ಬೇರೆ ಉದ್ಯಾನ ತೆರೆದರು. ದೂರದೂರದಿಂದ ಜನ ಬಂದರು. ಮಕ್ಕಳು ಈಜಿದರು, ಮರಳಿನಲ್ಲಿ ಆಡಿದರು. ತಮ್ಮದೆಂದು ಹೇಳಿಕೊಳ್ಳಲು ಒಂದು ಜಾಗ ಸಿಕ್ಕಿದ್ದನ್ನು ಹಿರಿಯರು ಇಂದಿಗೂ ಪ್ರೀತಿಯಿಂದ ನೆನೆಯುತ್ತಾರಂತೆ. 1969ರಲ್ಲಿ ಅದು ಮುಚ್ಚಿತು.

ಮೇಲೆ ಬಿಳಿಯರು ನೋಡಿದ ನೀರೇ ಕೆಳಗೆ ಹರಿದು ಇವರ ಮಕ್ಕಳ ಮೈ ತೊಳೆಯುತ್ತಿತ್ತು. ಮೀನುಗಳು ಅತ್ತಿತ್ತ ಓಡಾಡುತ್ತಿದ್ದವು. ಕೋತಿಗಳೂ ಈಜಿ ದಾಟಿದ್ದವು. ಗೆರೆ ಇದ್ದುದು ಮನುಷ್ಯನಿಗೆ ಮಾತ್ರ.

ಅದನ್ನು ಪರದೇಶದ ಕತೆಯೆಂದು ತಳ್ಳಿಹಾಕಲು ನಮಗೆ ಬಾಯಿ ಬರಲಿಲ್ಲ. ನಮ್ಮ ಬಾಲ್ಯದ ಊರಿನಲ್ಲಿ ಬಾವಿಕಟ್ಟೆಯಿಂದ ದೂರ ಕೊಡಪಾನ ಇಟ್ಟು ಯಾರಾದರೂ ನೀರು ಹೊಯ್ಯಲೆಂದು ಕಾಯುತ್ತಿದ್ದ ಹೆಂಗಸರನ್ನು ನಾವು ದಿನವೂ ನೋಡಿದ್ದೇವೆ. ನಮ್ಮ ಮನೆಯ ಬಾವಿಗೆ ಬನ್ನಿ ಎಂದು ನಾವು ಕರೆದ ನೆನಪಿಲ್ಲ. 1927ರಲ್ಲಿ ಅಂಬೇಡ್ಕರ್ ಮಹಾಡದ ಕೆರೆಯ ನೀರು ಮುಟ್ಟಿದ್ದನ್ನು ಪಾಠದಲ್ಲಿ ಓದಿ ಅಂಕ ಪಡೆದವರು ನಾವು.

ಮಧ್ಯಾಹ್ನ ಹಿಂದಿರುಗುವಾಗ ಹೊಳೆಯ ಸೆಳೆತಕ್ಕೆ ಎದುರಾಗಿ ಹುಟ್ಟು ಹಾಕಬೇಕಾಯಿತು. ತೋಳು ನೋಯುತ್ತಿತ್ತು. ಕೆಲವೆಡೆ ಹುಲ್ಲಿನ ಮೇಲೆ ಪಾಚಿ ಲೋಳೆಯಂತೆ ಅಂಟಿತ್ತು. ಹೊಲಕ್ಕೆ ಹಾಕಿದ ಗೊಬ್ಬರ, ಮನೆಗಳ ಕೊಳಚೆ ಗುಂಡಿ ಇವುಗಳ ನೈಟ್ರೇಟ್ ನೆಲಕ್ಕಿಳಿದು ಚಿಲುಮೆಯಲ್ಲಿ ಮೇಲೆ ಬರುತ್ತದೆ. ಪಾಚಿ ಹೆಚ್ಚಲು ಅದೂ ಒಂದು ಕಾರಣ. ಬೊಗಸೆಯಲ್ಲಿ ಹಿಡಿದರೆ ನೀರು ಮಾತ್ರ ಸ್ಫಟಿಕದಂತೆಯೇ ಇತ್ತು.

ದಡಕ್ಕೆ ಬಂದಾಗ ಗಾಜಿನ ತಳದ ದೋಣಿಯೊಂದು ಹೊರಡಲು ಸಿದ್ಧವಾಗಿತ್ತು. ಬಿಳಿಯರು, ಕರಿಯರು, ನಮ್ಮಂಥ ಕಂದು ಮೈಯವರು ಟಿಕೆಟ್ ಹಿಡಿದು ಒಂದೇ ಸಾಲಿನಲ್ಲಿ ನಿಂತಿದ್ದರು. ಮಕ್ಕಳು ಒಬ್ಬರನ್ನೊಬ್ಬರು ತಳ್ಳಿಕೊಂಡು ಕಿಟಕಿಯ ಪಕ್ಕ ಜಾಗ ಹುಡುಕುತ್ತಿದ್ದರು. ಇಷ್ಟು ಸಣ್ಣ ಸಂಗತಿಗೆ ಎಷ್ಟು ತಲೆಮಾರುಗಳು ಕಾಯಬೇಕಾಯಿತು!

ಊರಿಗೆ ಮರಳಿದ ಮೇಲೆ ನಮ್ಮ ಹಳೆಯ ಬಾವಿಯನ್ನು ಇಣುಕಿ ನೋಡಿದೆವು. ಮನೆಮನೆಗೆ ನಳ್ಳಿ ಬಂದಿದೆ, ಈಗ ಅದರ ಹತ್ತಿರ ಯಾರೂ ಬರುವುದಿಲ್ಲ. ಕರೆಯಬೇಕಾಗಿದ್ದ ಕಾಲದಲ್ಲಿ ನಾವು ಕರೆಯಲಿಲ್ಲ.