ಗ್ಯಾಸ್ ಕಮ್ಮಿ ಆಗ್ಯಾದ್ರಿ

ಕಲಬುರಗಿಯಲ್ಲಿ ಮೇ ತಿಂಗಳ ಬಿಸಿಲು 42 ಡಿಗ್ರಿ ದಾಟುವುದು ಸುದ್ದಿಯೇ ಅಲ್ಲ. ಅಂಥ ದಿನಗಳಲ್ಲೇ ನಮ್ಮ ಕಾರಿನ ಎಸಿ ಕೈಕೊಟ್ಟಿತು. ಪೂರ್ತಿ ಕೆಟ್ಟಿದ್ದರೆ ವಾಸಿಯಿತ್ತು. ಜೇವರ್ಗಿ ರಸ್ತೆಯಲ್ಲಿ ಓಡುವಾಗ ತಣ್ಣಗಿರುತ್ತಿತ್ತು, ಊರೊಳಗೆ ಬಂದು ಜಗತ್ ಸರ್ಕಲ್ಲಿನಲ್ಲಿ ನಿಂತರೆ ಒಲೆ ಮುಂದೆ ಕೂತ ಹಾಗೆ. ಕಿಟಕಿ ಇಳಿಸಿದರೆ ಹೊರಗಿನ ಝಳ ಇನ್ನೂ ಜೋರು. ಮೊಣಕಾಲಿನ ಚಿಕಿತ್ಸೆಗೆಂದು ಅವ್ವನನ್ನು ಆಸ್ಪತ್ರೆಗೆ ಕರೆದೊಯ್ಯುವುದು ತಪ್ಪುವಂತಿರಲಿಲ್ಲ. ಅವಳು ಬಾಟಲಿ ನೀರಿನಲ್ಲಿ ಸೆರಗು ತೋಯಿಸಿ ತಲೆ ಮೇಲೆ ಹೊದ್ದು ಸುಮ್ಮನೆ ಕೂರುತ್ತಿದ್ದಳು. ಅವಳು ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಮೊದಲ ಗ್ಯಾರೇಜಿನವನು ಬಾನೆಟ್ಟನ್ನೂ ಸರಿಯಾಗಿ ಎತ್ತಲಿಲ್ಲ. “ಗ್ಯಾಸ್ ಕಮ್ಮಿ ಆಗ್ಯಾದ್ರಿ ಸರ, ತುಂಬಿದ್ರ ಬರ್ಫ್ ಆಗ್ತದ” ಅಂದ. ತುಂಬಿದ, ದುಡ್ಡು ಎಣಿಸಿಕೊಂಡ. ಸರ್ಕಲ್ಲಿಗೆ ಬಂದರೆ ಅದೇ ಸೆಕೆ. ಮತ್ತೊಬ್ಬ ಇನ್ನಷ್ಟು ಗ್ಯಾಸ್ ಹಾಕಿದ. ಇನ್ನೊಬ್ಬ ಕೂಲಿಂಗ್ ಕಾಯಿಲ್ ಸೋರುತ್ತಿದೆ ಎಂದು ಡ್ಯಾಶ್‌ಬೋರ್ಡನ್ನೇ ಬಿಚ್ಚಿದ. ಸೋರಿಕೆ ಸಿಗಲಿಲ್ಲ, ಡ್ಯಾಶ್‌ಬೋರ್ಡ್ ಮಾತ್ರ ಅಂದಿನಿಂದ ಕಟಕಟ ಅನ್ನುತ್ತಿದೆ. ಕೊನೆಗೆ ಕಂಪ್ರೆಸರ್ರೇ ಹೋಗಿದೆ, ಹೊಸದು ಹಾಕಬೇಕು ಎಂಬ ತೀರ್ಪೂ ಬಂತು.

ರಿಂಗ್ ರಸ್ತೆಯ ಸಣ್ಣ ಅಂಗಡಿಯೊಂದರ ವಯಸ್ಸಾದ ಮೆಕ್ಯಾನಿಕ್ ಮಾತ್ರ, ಅಷ್ಟೂ ಜನರಲ್ಲಿ ಯಾರೂ ಕೇಳದಿದ್ದುದನ್ನು ಕೇಳಿದರು: “ನಿಂತಾಗ ಬಿಸಿ ಬರ್ತದೋ, ಓಡುವಾಗೋ?”

ಉತ್ತರ ಕೇಳಿದವರೇ ಗೇಜ್ ತಂದು ಜೋಡಿಸಿದರು. ಎಸಿ ಹಾಕಿ ಗಾಡಿ ನಿಲ್ಲಿಸಿಯೇ ಇಟ್ಟಾಗ ಒತ್ತಡದ ಕೆಂಪು ಮುಳ್ಳು ಏರುತ್ತ ಹೋಗಿ 350 ಪಿಎಸ್‌ಐ ದಾಟಿತು. ಟಕ್ ಎಂದು ಕಂಪ್ರೆಸರ್ ನಿಂತಿತು. ಒತ್ತಡ ಮಿತಿ ಮೀರಿದರೆ ಅದನ್ನು ನಿಲ್ಲಿಸುವ ಸ್ವಿಚ್ ಇರುತ್ತದಂತೆ. ಆಮೇಲೆ ಹುಡುಗನಿಂದ ಮುಂದಿನ ಜಾಲರಿಯೊಳಗೆ, ಕಂಡೆನ್ಸರ್ ಮೇಲೆ ನೀರು ಸುರಿಸಿದರು. ಮುಳ್ಳು ಇಳಿಯಿತು, ಒಳಗೆ ತಂಪು ಗಾಳಿ ಬಂತು.

ಕೆಟ್ಟಿದ್ದು ಕಂಡೆನ್ಸರಿನ ಫ್ಯಾನ್. ಗ್ಯಾಸ್ ಕಾರಿನೊಳಗಿನ ಬಿಸಿ ಹೀರಿಕೊಂಡು ಬಂದು ಕಂಡೆನ್ಸರಿನಲ್ಲಿ ಹೊರಗೆ ಬಿಡಬೇಕು. ಓಡುವಾಗ ಎದುರುಗಾಳಿ ಆ ಕೆಲಸ ಮಾಡಿಕೊಡುತ್ತದೆ, ನಿಂತಾಗ ಫ್ಯಾನೇ ಗತಿ. ನಮ್ಮ ಗಾಡಿಯಲ್ಲಿ ರೇಡಿಯೇಟರಿನ ಫ್ಯಾನ್ ಬೇರೆ. ಅದು ತಿರುಗುತ್ತಿದ್ದುದರಿಂದ ಇಂಜಿನ್ ಕಾಯಲಿಲ್ಲ, ಯಾರಿಗೂ ಅನುಮಾನವೂ ಬರಲಿಲ್ಲ. ಫ್ಯೂಸ್, ರಿಲೇ ಸರಿ ಇದ್ದವು. ಬ್ಯಾಟರಿಯಿಂದ ನೇರ ಕರೆಂಟ್ ಕೊಟ್ಟರೂ ಮೋಟಾರ್ ಅಲುಗಲಿಲ್ಲ. ಸಾಲದ್ದಕ್ಕೆ ಕಂಡೆನ್ಸರಿನ ಸಂದುಗಳಲ್ಲಿ ಕಪ್ಪು ಮಣ್ಣು, ಹತ್ತಿಯ ಎಳೆ ಮೆತ್ತಿಕೊಂಡಿದ್ದವು.

ಹಿಂದಿನವರು ತುಂಬಿದ ಗ್ಯಾಸ್ ಬೇಕಾದ್ದಕ್ಕಿಂತ ಹೆಚ್ಚಾಗಿ, ಒತ್ತಡವನ್ನು ಇನ್ನಷ್ಟು ಏರಿಸಿತ್ತು. ಇದು ನನಗೆ ಇಂದಿಗೂ ಸಿಟ್ಟು ತರಿಸುವ ವಿಷಯ. ಪೆಟ್ರೋಲಿನಂತೆ ಉರಿದು ಮುಗಿಯುವುದಲ್ಲ ಎಸಿಯ ಗ್ಯಾಸ್. ಮುಚ್ಚಿದ ಕೊಳವೆಯೊಳಗೆ ಸುತ್ತುವ ಆರ್-134ಎ ಎಂಬ ಈ ಗ್ಯಾಸ್ ಕಮ್ಮಿಯಾಗಿದೆ ಎಂದರೆ ಎಲ್ಲೋ ಸೋರಿರಬೇಕು. ಸೋರಿಕೆ ಹುಡುಕದೆ ತುಂಬುವುದು ರಿಪೇರಿಯೇ ಅಲ್ಲ. ಆ ಮೆಕ್ಯಾನಿಕ್ ಇದ್ದ ಗ್ಯಾಸ್ ಪೂರ್ತಿ ತೆಗೆದು, ಅರ್ಧ ಗಂಟೆ ವ್ಯಾಕ್ಯೂಮ್ ಎಳೆದು, ಬಾನೆಟ್ ಒಳಗಿನ ಚೀಟಿಯಲ್ಲಿ ಬರೆದಷ್ಟನ್ನೇ ತೂಕ ಮಾಡಿ ತುಂಬಿದರು. ಹೊಸ ಮೋಟಾರಿನ ಬೆಲೆ, ಅಷ್ಟರಲ್ಲಾಗಲೇ ಗ್ಯಾಸಿಗೆಂದು ಕಳೆದಿದ್ದಕ್ಕಿಂತ ಕಡಿಮೆ.

ನಿಮ್ಮ ಗಾಡಿಯೂ ಓಡುವಾಗ ತಣ್ಣಗಿದ್ದು ನಿಂತಾಗ ಬಿಸಿಯಾಗುತ್ತಿದ್ದರೆ, ಗ್ಯಾಸ್ ತುಂಬಿಸಲು ಒಪ್ಪುವ ಮೊದಲು ಎಸಿ ಹಾಕಿಸಿ, ಬಾನೆಟ್ ಎತ್ತಿಸಿ, ಕಂಡೆನ್ಸರಿನ ಫ್ಯಾನ್ ತಿರುಗುತ್ತಿದೆಯೇ ಎಂದು ನಿಮ್ಮ ಕಣ್ಣಾರೆ ನೋಡಿ.