ವರ್ಗ ಎಷ್ಟು, ಕುಮ್ಕಿ ಎಷ್ಟು?

1988ರ ಮಳೆಗಾಲ ಕಳೆದ ಮೇಲೆ ನಮ್ಮ ಸೋದರಮಾವ ಮುಂಬೈಯಿಂದ ಬಂದರು. ಹೋಟೆಲಿನಲ್ಲಿ ದುಡಿದು ಕೂಡಿಟ್ಟ ಹಣದಲ್ಲಿ ಊರಲ್ಲೊಂದು ಜಾಗ ಮಾಡಬೇಕೆಂಬ ಆಸೆ. ಬೆಳ್ತಂಗಡಿ ದಾಟಿ ಚಾರ್ಮಾಡಿ ಕಡೆಗೆ ಹೋಗುವ ರಸ್ತೆಯಿಂದ ಒಳಗೆ ಎರಡೂವರೆ ಎಕರೆ ಇದೆ ಎಂದು ಯಾರೋ ಹೇಳಿದ್ದರು. ತಗ್ಗಿನಲ್ಲಿ ಅಡಿಕೆ, ಗುಡ್ಡೆಯಲ್ಲಿ ಗೇರು, ಕೆಂಪುಕಲ್ಲು ಕಟ್ಟಿದ ಬಾವಿ. ಆ ಬಾವಿಯ ನೀರು ಕುಡಿದ ಮೇಲೆ ಮಾವನಿಗೆ ಬೇರೆ ಜಾಗ ಕಣ್ಣಿಗೇ ಬೀಳಲಿಲ್ಲ. ಬರುವ ಸೋಮವಾರ ಬಿ.ಸಿ.ರೋಡಿನಲ್ಲಿ ಮುಂಗಡ ಕೊಡುವುದೆಂದು ಮಾತಾಯಿತು.

ಅಜ್ಜ ಮಾತ್ರ ತಡೆದರು. ಬಂಟ್ವಾಳದಲ್ಲಿದ್ದ ತಮ್ಮ ಗೆಳೆಯ, ಹಳೆಗಾಲದ ಶ್ಯಾನುಭೋಗರೊಬ್ಬರನ್ನು ಕರೆದುಕೊಂಡು ಹೋಗಿ ತೋರಿಸು ಎಂದರು. ಅವರ ಚೀಲ ಹೊತ್ತುಕೊಂಡು ನಾನೂ ಹೋದೆ.

ಶ್ಯಾನುಭೋಗರು ಮರ ಎಣಿಸಲಿಲ್ಲ, ಬಾವಿ ಇಣುಕಲಿಲ್ಲ. ಕೊಡೆಯ ತುದಿಯಿಂದ ಜರಿಗಿಡ ಸರಿಸುತ್ತಾ ತೋಟದ ಅಂಚಿನಲ್ಲಿ ನಡೆದರು. ಒಂದು ಕಡೆ ನಿಂತು ಪಾಚಿ ಕೆರೆದಾಗ ಗಡಿಕಲ್ಲು ಕಾಣಿಸಿತು. ಗೇರುಗುಡ್ಡೆ ಪೂರ್ತಿ ಅದರ ಆಚೆಗಿತ್ತು. "ವರ್ಗ ಎಷ್ಟು, ಕುಮ್ಕಿ ಎಷ್ಟು?" ಎಂದು ಕೇಳಿದರು. ಪಹಣಿಯಲ್ಲಿದ್ದದ್ದು ಎಕರೆಗಿಂತ ಸ್ವಲ್ಪವೇ ಹೆಚ್ಚು. ಉಳಿದದ್ದೆಲ್ಲ ಕುಮ್ಕಿ.

ನಮ್ಮ ಜಿಲ್ಲೆಯವರಿಗೆ ಇದು ಹೊಸ ಮಾತಲ್ಲ, ಆದರೂ ಮತ್ತೆ ಮತ್ತೆ ಹೇಳಬೇಕಾದದ್ದು. ಕದೀಂ ವರ್ಗದ, ಅಂದರೆ ಹಳೆಯ ಪಟ್ಟಾ ಜಮೀನಿನ, ಗಡಿಯಿಂದ 100 ಗಜದೊಳಗಿನ ಸರ್ಕಾರಿ ಜಾಗವೇ ಕುಮ್ಕಿ; ಅಲ್ಲಿ ಸೊಪ್ಪು, ಸೌದೆ, ಮೇವು ತೆಗೆದುಕೊಳ್ಳುವ ಸವಲತ್ತು ಮಾತ್ರ ವರ್ಗದಾರನದು. 1964ರ ಭೂಕಂದಾಯ ಕಾಯ್ದೆ ಆ ಸವಲತ್ತನ್ನು ಉಳಿಸಿತೇ ಹೊರತು ಒಡೆತನ ಕೊಡಲಿಲ್ಲ. ಅಲ್ಲಿ ಮೂವತ್ತು ವರ್ಷದ ಗೇರುಮರ ನಿಂತಿದ್ದರೂ ಮಾರುವವನಿಗೆ ಆ ನೆಲವನ್ನು ಬರೆದುಕೊಡುವ ಹಕ್ಕಿಲ್ಲ.

ಆಮೇಲೆ ಎರಡನೆಯ ಪ್ರಶ್ನೆ: "ಇದು ಡಿಕ್ಲರೇಷನಿನ ಜಾಗವೋ?" ಮನೆಯ ಯಜಮಾನರು ಒಳಗೆ ಹೋಗಿ ತಗಡಿನ ಪೆಟ್ಟಿಗೆಯಿಂದ ಮಡಚಿಟ್ಟ ಕಾಗದ ತಂದರು. ಭೂನ್ಯಾಯ ಮಂಡಳಿಯ ಆದೇಶ, 1977ರದ್ದು. ತಂದೆ ಗೇಣಿಗೆ ಮಾಡುತ್ತಿದ್ದ ನೆಲ. 1974ರ ಭೂಸುಧಾರಣಾ ತಿದ್ದುಪಡಿಯ ನಂತರ ಅರ್ಜಿ, ಅಂದರೆ ಡಿಕ್ಲರೇಷನ್, ಹಾಕಿ ಪಡೆದದ್ದು. ಆ ಕಾಗದವನ್ನು ಅವರು ಎರಡೂ ಕೈಯಲ್ಲಿ ಹಿಡಿದ ರೀತಿ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಶ್ಯಾನುಭೋಗರು ಬೆರಳು ಮಡಚಿ ಲೆಕ್ಕ ಹಾಕಿದರು. ಮಂಡಳಿಯಿಂದ ಬಂದ ಜಮೀನನ್ನು ಆದೇಶದ ದಿನದಿಂದ 15 ವರ್ಷ ಮಾರುವ ಹಾಗಿಲ್ಲ. ಅಂದರೆ 1992ರ ತನಕ ಕ್ರಯಪತ್ರ ಬರೆಸಿದರೂ ನಿಲ್ಲುವುದಿಲ್ಲ.

ಯಜಮಾನರು ಮೋಸಗಾರರಲ್ಲ. ಮಗಳ ಮದುವೆಗೆ ದುಡ್ಡು ಬೇಕಿತ್ತು, ಷರತ್ತು ಅವರಿಗೆ ಗೊತ್ತಿರಲಿಲ್ಲ. ಶ್ಯಾನುಭೋಗರು ಮಾವನಿಗೆ ಹೇಳಿದ್ದಕ್ಕಿಂತ ಹೆಚ್ಚು ಹೊತ್ತು ಅವರಿಗೇ ತಿಳಿಸಿ ಹೇಳಿದರು: ಕಷ್ಟಪಟ್ಟು ಬಂದ ಜಾಗ, ಅವಸರದಲ್ಲಿ ಕೈಬಿಡಬೇಡಿ, ಬೇಕಾದರೆ ಸೊಸೈಟಿಯಲ್ಲಿ ಅಡವಿಟ್ಟು ಸಾಲ ತೆಗೆಯಿರಿ. ನನಗಂತೂ ಅವರ ಮೇಲೆ ಗೌರವ ಹುಟ್ಟಿದ್ದು ಈ ಮಾತಿನಿಂದ.

ಮಾವ ಕೊನೆಗೆ ಕೊಂಡದ್ದು ಮೂಡುಬಿದಿರೆಯಲ್ಲಿ ಒಂದು ಹಂಚಿನ ಮನೆ. ಅದನ್ನು ಬಾಡಿಗೆಗೆ ಕೊಡಬೇಡ ಎಂದು ನೆಂಟರೆಲ್ಲ ಹೆದರಿಸಿದರು. ಗೇಣಿಗೆ ಕೊಟ್ಟ ಗದ್ದೆ ಹೋದ ಹಾಗೆ ಮನೆಯೂ ಹೋದೀತು ಎಂಬ ಭಯ. ಆ ಕಾರಣಕ್ಕೇ ಬೀಗ ಜಡಿದು ಗೆದ್ದಲಿಗೆ ಬಿಟ್ಟ ಮನೆಗಳು ನಮ್ಮ ಕಡೆ ಎಷ್ಟೋ ಇದ್ದವು. ಭೂಸುಧಾರಣೆ ಕೃಷಿ ಜಮೀನಿನ ಗೇಣಿಗೆ ಸಂಬಂಧಿಸಿದ್ದು, ಪೇಟೆಯ ಬಾಡಿಗೆ ಮನೆಗೆ ಅಲ್ಲ ಎಂದು ಶ್ಯಾನುಭೋಗರೇ ಧೈರ್ಯ ಹೇಳಿ, ಕರಾರು ಬರೆಸಿದರು. ಬಾಡಿಗೆ, ಮುಂಗಡ, ಬಿಡುವ ಮುನ್ನ ಕೊಡಬೇಕಾದ ನೋಟಿಸು, ಮಾಡು ಸೋರಿದರೆ ಯಾರ ಖರ್ಚು, ಎಲ್ಲವೂ ಕಾಗದದ ಮೇಲೆ.

1970ರ ದಶಕದ ಆದೇಶಗಳ 15 ವರ್ಷ ಎಂದೋ ಮುಗಿದಿದೆ. ಕುಮ್ಕಿಯ ತೊಡಕು ಮುಗಿದಿಲ್ಲ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯಲ್ಲಿ ಇಂದೂ ಜಾಗ ತೋರಿಸುವವರು ಗುಡ್ಡೆಯ ಕಡೆ ಕೈಚಾಚಿ "ಅದೂ ಸೇರಿದೆ" ಎನ್ನುತ್ತಾರೆ. ದಯವಿಟ್ಟು ಮುಂಗಡ ಕೊಡುವ ಮೊದಲು ಪಹಣಿ, ಋಣಭಾರ ಪತ್ರ ತೆಗೆಸಿ, ಸರ್ವೇಯರನ್ನು ಕರೆಸಿ ವರ್ಗದ ಗಡಿ ಅಳೆಸಿ. ಅಳತೆಯೊಳಗೆ ಬಂದಷ್ಟಕ್ಕೇ ಬೆಲೆ ಕಟ್ಟಿ.